ಒಳಗೆ ನೋಡಬೇಕಾದ ಕಡಲು

ಹಂಪಿಯನ್ನು ಹೊರಗೆ ನೋಡು, ಉಜ್ಜಿನಿಯನ್ನು ಒಳಗೆ ನೋಡು ಎಂಬ ಮಾತು ನಮ್ಮ ಸೀಮೆಯಲ್ಲಿ ಹಿಂದಿನಿಂದಲೂ ನಡೆದುಬಂದಿದೆ. ಮರುಳಸಿದ್ಧೇಶ್ವರನ ಗುಡಿಯನ್ನು ಹೊರಗಿನಿಂದಲೇ ಕಂಡು ಮರಳುವವನಿಗೆ ಒಳಗಣ ಕುಸುರಿ ಕೆಲಸ ತಪ್ಪಿಹೋಗುತ್ತದೆ. ಉತ್ತರಧ್ರುವದ ಕಡಲಿನ ವಿಷಯವಾಗಿ ಓದುತ್ತಿದ್ದಾಗ ಈ ಮಾತು ನನಗೆ ಮತ್ತೆ ಮತ್ತೆ ನೆನಪಾಯಿತು.

ಬಯಲುಸೀಮೆಯ ಮೇಷ್ಟರಿಗೆ ಹಿಮಸಮುದ್ರದ ಗೊಡವೆ ಏಕೆಂದು ಓದುಗರು ಕೇಳಬಹುದು. ಅದನ್ನು ತಂದಿಟ್ಟವನು ನನ್ನ ತರಗತಿಯ ಒಬ್ಬ ಹುಡುಗ. "ಮನುಷ್ಯನೇ ಇಲ್ಲದ ಕಾಲದಲ್ಲೂ ಭೂಮಿ ಕಾದಿತ್ತಂತೆ, ಧ್ರುವದಲ್ಲಿ ಹಿಮವೇ ಇರಲಿಲ್ಲವಂತೆ. ಈಗ ಕರಗಿದರೆ ನಮ್ಮ ತಪ್ಪೇನು ಸಾರ್?" ಎಂದ. ಗದರಿಸಿ ಕೂಡಿಸಿದೆ, ಉತ್ತರ ನನ್ನಲ್ಲಿರಲಿಲ್ಲ.

ನಾರ್ವೆಯ ನಾನ್ಸೆನ್ನನ 'ಫ್ರಾಮ್' ಹಡಗು 1893ರಿಂದ 1896ರವರೆಗೆ ಹಿಮದಲ್ಲಿ ಸಿಕ್ಕಿಕೊಂಡೇ ತೇಲಿತು. ಮೇಲೆ ಹೆಪ್ಪುಗಟ್ಟುವಷ್ಟು ತಣ್ಣನೆಯ ನೀರು. ಉಷ್ಣಮಾಪಕವನ್ನು ಇನ್ನೂರು ಮೀಟರಿಗೂ ಕೆಳಗೆ ಇಳಿಸಿದರೆ ಅದಕ್ಕಿಂತ ಬೆಚ್ಚಗಿನ ನೀರು! ಅಟ್ಲಾಂಟಿಕ್ಕಿನಿಂದ ಹರಿದುಬಂದ ಆ ಶಾಖ ಮೇಲೇರಿ ಹಿಮವನ್ನೇಕೆ ಕರಗಿಸದು? ಅಂಥ ಚಳಿಯಲ್ಲಿ ನೀರಿನ ಭಾರವನ್ನು ನಿರ್ಣಯಿಸುವುದು ಬಿಸಿಗಿಂತ ಹೆಚ್ಚಾಗಿ ಉಪ್ಪು. ನದಿಗಳು ತಂದ ಸಿಹಿನೀರು ಬೆರೆತ ಮೇಲ್ಪದರ ಹಗುರಾಗಿ ಮುಚ್ಚಳದಂತೆ ನಿಲ್ಲುತ್ತದೆ. ಬೆಚ್ಚನೆಯ ಉಪ್ಪುನೀರು ಅದರ ಅಡಿಯಲ್ಲೇ ಉಳಿಯುತ್ತದೆ.

ಈ ಮುಚ್ಚಳದ ಹಳೆಯ ಕಥೆಯನ್ನು ಹೇಳಿದ್ದು, ನಂಬಿದರೆ ನಂಬಿ, ಅಜೋಲ. ನಮ್ಮ ರೈತರು ತೊಟ್ಟಿಯಲ್ಲಿ ಬೆಳೆಸಿ ಎಮ್ಮೆಗೆ ಹಾಕುವ ಆ ಹಸುರು ಸಸ್ಯದ ಕುಲವೇ! 2004ರಲ್ಲಿ ಧ್ರುವಕ್ಕೆ ಸುಮಾರು 250 ಕಿಲೋಮೀಟರು ದೂರದಲ್ಲಿ ಕಡಲತಳವನ್ನು ಕೊರೆದಾಗ, ಸುಮಾರು 4 ಕೋಟಿ 90 ಲಕ್ಷ ವರ್ಷಗಳ ಹಿಂದಿನ ಕೆಸರಿನಲ್ಲಿ ಅದರ ಅವಶೇಷಗಳು ರಾಶಿರಾಶಿಯಾಗಿ ದೊರೆತವು. ಅಜೋಲ ಉಪ್ಪುನೀರಿನಲ್ಲಿ ಬಾಳದು. ಎಂದರೆ ಆ ಬೆಚ್ಚನೆಯ ಯುಗದಲ್ಲೂ ಕಡಲಿನ ಮೇಲೆ ಸಿಹಿನೀರಿನ ಹೊದಿಕೆ ಆಗಾಗ ಹರಡುತ್ತಿತ್ತು. ಹಿಮ ಹೊತ್ತು ತಂದು ಕೆಡವಿದ ಕಲ್ಲುಹರಳುಗಳು ಅದಕ್ಕಿಂತ ಮೇಲಿನ, ಸುಮಾರು 4 ಕೋಟಿ 60 ಲಕ್ಷ ವರ್ಷದ ಪದರದಲ್ಲಿ ಕಾಣತೊಡಗುತ್ತವೆ.

ಹುಡುಗನ ಮಾತು ಅರ್ಧ ನಿಜ. ಸುಮಾರು 1 ಲಕ್ಷ 27 ಸಾವಿರ ವರ್ಷಗಳ ಹಿಂದೆಯೂ ಧ್ರುವದ ಬೇಸಗೆ ಇಂದಿಗಿಂತ ಬಿಸಿಯಾಗಿತ್ತು. ಕಡಲು ಆರು ಮೀಟರಿಗೂ ಮೇಲೇರಿತ್ತು. ಬೇಸಗೆಯಲ್ಲಿ ಹಿಮ ಪೂರ್ತಿ ಕರಗುತ್ತಿತ್ತೇ ಎಂಬುದರಲ್ಲಿ ವಿದ್ವಾಂಸರಿಗೆ ಇನ್ನೂ ಒಮ್ಮತವಿಲ್ಲ. ಆದರೆ ಅಂದಿನ ಕಾರಣ ಭೂಮಿಯ ಕಕ್ಷೆ ಮತ್ತು ಓಲಿಕೆ. ಅವು ಬದಲಾಗಲು ಸಹಸ್ರಾರು ವರ್ಷ ಬೇಕು. ಇಂದಿನದು ಹಾಗಲ್ಲ. ಗಾಳಿಯ ಹತ್ತು ಲಕ್ಷ ಭಾಗದಲ್ಲಿ 280ರಷ್ಟಿದ್ದ ಇಂಗಾಲದ ಡೈ ಆಕ್ಸೈಡು ಎರಡು-ಮೂರು ಶತಮಾನಗಳೊಳಗೆ 420ನ್ನು ದಾಟಿದೆ. 2012ರ ಸೆಪ್ಟೆಂಬರಿನಲ್ಲಿ ಧ್ರುವದ ಹಿಮ ಸುಮಾರು 34 ಲಕ್ಷ ಚದರ ಕಿಲೋಮೀಟರಿಗೆ ಕುಗ್ಗಿತು. ಬೆಳ್ಳನೆಯ ಹಿಮ ಬಿಸಿಲಿನ ಬಹುಪಾಲನ್ನು ಹಿಂದಕ್ಕೆ ಎಸೆದರೆ, ಬಯಲಾದ ಕಪ್ಪು ನೀರು ಹೆಚ್ಚುಕಡಿಮೆ ಎಲ್ಲವನ್ನೂ ನುಂಗುತ್ತದೆ. ಬ್ಯಾರೆಂಟ್ಸ್ ಕಡಲಿನ ಕಡೆಯಲ್ಲಂತೂ ಮುಚ್ಚಳ ಸಡಿಲಗೊಂಡು ಅಡಿಯ ಶಾಖ ಮೇಲೇರುತ್ತಿರುವುದು ಅಳತೆಗೆ ಸಿಕ್ಕಿದೆ.

ನಮ್ಮ ದೇಶದವರೂ 2014ರಲ್ಲಿ ಸ್ವಾಲ್‌ಬಾರ್ಡಿನ ಕಡಲ ಕೊಲ್ಲಿಯಲ್ಲಿ, 192 ಮೀಟರು ಆಳದ ನೀರಿನೊಳಗೆ, ಬಿಸಿ ಮತ್ತು ಉಪ್ಪನ್ನು ಅಳೆಯುವ ಯಂತ್ರಗಳನ್ನು ಇಳಿಬಿಟ್ಟರು. ಒಳಗೆ ನೋಡುವ ಕೆಲಸವೆಂದರೆ ಇದೇ.

ಆ ಹುಡುಗ ಈಗ ಕೊಟ್ಟೂರಿನಲ್ಲಿ ಕಾಲೇಜು ಓದುತ್ತಿದ್ದಾನೆ. ಜಾತ್ರೆಗೆ ಬಂದಾಗ, ಅವರ ಮನೆಯ ಹಿತ್ತಿಲಿನ ಅಜೋಲ ತೊಟ್ಟಿಯ ಬಳಿ ನಿಂತೇ ಉತ್ತರ ಹೇಳಬೇಕೆಂದಿದ್ದೇನೆ.