ತಪ್ಪು ಪ್ರೋಗ್ರಾಮಿನದಲ್ಲ, ಕಿಟಕಿಯದು

ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಿಂದ ಬಸ್ಸಿನಲ್ಲಿ ಕೋಲಾರಕ್ಕೆ ಓಡಾಡುತ್ತ ಎಂಜಿನಿಯರಿಂಗ್ ಓದುವ ಮಕ್ಕಳಿಗೆ ಸಿ ಭಾಷೆಯ ಲ್ಯಾಬ್ ಬೇಗನೆ ಎದುರಾಗುತ್ತದೆ. ಉಬುಂಟು ಹಾಕಿದ ಲ್ಯಾಪ್‌ಟಾಪಿನಲ್ಲಿ ಕೋಡ್‌ಬ್ಲಾಕ್ಸ್ ಎಂಬ ತಂತ್ರಾಂಶ ತೆರೆದು ಪ್ರೋಗ್ರಾಂ ಬರೆದಾಯಿತು, ಕಂಪೈಲೂ ಆಯಿತು. ಒಂದೊಂದೇ ಸಾಲು ಓಡಿಸಿ ನೋಡೋಣವೆಂದು ಡಿಬಗ್ ಗುಂಡಿ ಒತ್ತಿದರೆ ಯಾವ ಕಿಟಕಿಯೂ ತೆರೆಯುವುದಿಲ್ಲ. ಆಗ ಹೊಸಬರು ಅನುಮಾನಿಸುವುದು ತಮ್ಮ ಕೋಡನ್ನೇ. ಸರಿಯಿದ್ದುದನ್ನೂ ತಿದ್ದಿ ಕೆಡಿಸಿಕೊಳ್ಳುತ್ತಾರೆ.

ಇನ್ನೊಂದು ಪ್ರೋಗ್ರಾಮನ್ನು ಬೇಕಾದ ಸಾಲಿನಲ್ಲಿ ತಡೆದು ನಿಲ್ಲಿಸಿ, ಅದರೊಳಗಿನ ಬೆಲೆಗಳನ್ನು ತೋರಿಸುವುದು ಡಿಬಗರ್‌ನ ಕೆಲಸ. ಉಬುಂಟುವಿನಂಥ ಲಿನಕ್ಸಿನಲ್ಲಿ ಇದನ್ನು ಸಾಮಾನ್ಯವಾಗಿ ಮಾಡುವುದು ಜಿಡಿಬಿ. ರಿಚರ್ಡ್ ಸ್ಟಾಲ್‌ಮನ್ 1986ರಲ್ಲಿ ಬರೆದದ್ದು. ಆದರೆ ವಿದ್ಯಾರ್ಥಿಯ ಪ್ರೋಗ್ರಾಂ ಅಂಕಿ ಕೇಳಬೇಕು, ಉತ್ತರ ತೋರಿಸಬೇಕು. ಅದಕ್ಕೆ ಟರ್ಮಿನಲ್, ಅಂದರೆ ಅಕ್ಷರಗಳಲ್ಲಿ ಮಾತಾಡುವ ಕಿಟಕಿ ಬೇಕು.

ಅದನ್ನು ಒದಗಿಸಲು ಕೋಡ್‌ಬ್ಲಾಕ್ಸ್ ಹೂಡುವ ಉಪಾಯ ನಿಜಕ್ಕೂ ಸೊಗಸಾದದ್ದು. ಮೊದಲು ಎಕ್ಸ್‌ಟರ್ಮ್ ಎಂಬ ಟರ್ಮಿನಲ್ ಕಿಟಕಿ ತೆರೆದು, ಅದರೊಳಗೆ ‘ಸ್ಲೀಪ್’ ಆಜ್ಞೆ ಓಡಿಸುತ್ತದೆ. ಸ್ಲೀಪ್ ಏನೂ ಮಾಡದೆ ಸುಮ್ಮನೆ ಬಿದ್ದಿರುತ್ತದೆ. ಆಮೇಲೆ ‘ಪಿಎಸ್’ ಆಜ್ಞೆಯಿಂದ ಓಡುತ್ತಿರುವ ಪ್ರಕ್ರಿಯೆಗಳ ಪಟ್ಟಿ ತರಿಸಿ, ಆ ಸ್ಲೀಪ್ ಯಾವ ಟರ್ಮಿನಲ್ಲಿನಲ್ಲಿದೆ ಎಂದು ಹುಡುಕುತ್ತದೆ. ‘ಪಿಟಿಎಸ್ ಸ್ಲ್ಯಾಶ್ 3’ ಎಂಬಂಥ ವಿಳಾಸ ಸಿಗುತ್ತದೆ. ಅದನ್ನು ಜಿಡಿಬಿಗೆ ಕೊಟ್ಟರೆ ಪ್ರೋಗ್ರಾಮಿನ ಮಾತುಕತೆಯೆಲ್ಲ ಆ ಕಿಟಕಿಯಲ್ಲೇ ನಡೆಯುತ್ತದೆ. ಕಿಟಕಿ ತೆರೆಯದಿದ್ದರೆ ಸ್ಲೀಪ್ ಇಲ್ಲ, ವಿಳಾಸವೂ ಇಲ್ಲ. ಪ್ರೋಗ್ರಾಂ ಶುರುವಾಗುವುದೇ ಇಲ್ಲ.

ಕಿಟಕಿ ಯಾಕೆ ತೆರೆಯದು? ಎಷ್ಟೋ ಸಲ ಎಕ್ಸ್‌ಟರ್ಮ್ ಯಂತ್ರದಲ್ಲೇ ಇರುವುದಿಲ್ಲ. ಬೇರೊಂದು ಟರ್ಮಿನಲ್ಲಿನಲ್ಲಿ ಎಕ್ಸ್‌ಟರ್ಮ್ ಎಂದು ಟೈಪ್ ಮಾಡಿದರೆ ಗೊತ್ತಾಗುತ್ತದೆ. ‘ಕಮಾಂಡ್ ನಾಟ್ ಫೌಂಡ್’ ಎಂದರೆ ಇನ್‌ಸ್ಟಾಲ್ ಮಾಡಿದರೆ ಮುಗಿಯಿತು. ‘ಕಾಂಟ್ ಓಪನ್ ಡಿಸ್‌ಪ್ಲೇ’ ಎಂದರೆ ಯಾವ ಪರದೆಯ ಮೇಲೆ ಕಿಟಕಿ ತೆರೆಯಬೇಕೆಂಬುದೇ ಅದಕ್ಕೆ ತಿಳಿದಿಲ್ಲ. ದೂರದ ಸರ್ವರ್‌ಗೆ ಎಸ್‌ಎಸ್‌ಎಚ್ ಮೂಲಕ ಲಾಗಿನ್ ಆದಾಗ ಹೀಗಾಗುವುದುಂಟು. ಕೋಡ್‌ಬ್ಲಾಕ್ಸ್ ಸೆಟಿಂಗ್ಸ್‌ನಲ್ಲಿ ಎಕ್ಸ್‌ಟರ್ಮ್ ಬದಲು ಗ್ನೋಮ್ ಟರ್ಮಿನಲ್ ಕೊಟ್ಟಿದ್ದರೆ ತೊಂದರೆ ಬೇರೆ. ಅದು ಕಿಟಕಿಯ ಕೆಲಸವನ್ನು ತನ್ನ ಸರ್ವರ್ ಪ್ರಕ್ರಿಯೆಗೆ ಒಪ್ಪಿಸಿ ತಾನು ಕೂಡಲೇ ಹೊರಬೀಳುತ್ತದೆ. ಕಾಯುತ್ತಿದ್ದ ಕೋಡ್‌ಬ್ಲಾಕ್ಸ್ ಟರ್ಮಿನಲ್ ಮುಚ್ಚಿಹೋಯಿತೆಂದೇ ಭಾವಿಸಬಹುದು.

ಇಷ್ಟಾದರೂ ಬಗೆಹರಿಯದಿದ್ದರೆ ಕೋಡ್‌ಬ್ಲಾಕ್ಸ್ ಮಾಡುವುದನ್ನು ಕೈಯಾರೆ ಮಾಡಿನೋಡಬಹುದು. ಎರಡು ಟರ್ಮಿನಲ್ ತೆರೆಯಿರಿ. ಒಂದರಲ್ಲಿ ‘ಟಿಟಿವೈ’ ಆಜ್ಞೆ ಕೊಟ್ಟು ಬಂದ ವಿಳಾಸ ಬರೆದುಕೊಂಡು, ಅಲ್ಲೇ ‘ಸ್ಲೀಪ್ 10000’ ಎನ್ನಿ. ಇನ್ನೊಂದರಲ್ಲಿ ನಿಮ್ಮ ಪ್ರೋಗ್ರಾಮಿನ ಹೆಸರಿನೊಡನೆ ಜಿಡಿಬಿ ಶುರುಮಾಡಿ, ‘ಟಿಟಿವೈ’ ಜೊತೆಗೆ ಆ ವಿಳಾಸ ಕೊಟ್ಟು, ‘ರನ್’ ಎನ್ನಿ. ಮೊದಲ ಕಿಟಕಿಯಲ್ಲಿ ನಿಮ್ಮ ಪ್ರೋಗ್ರಾಂ ಅಂಕಿ ಕೇಳಿತೇ? ಹಾಗಾದರೆ ಕೋಡೂ ಜಿಡಿಬಿಯೂ ನೆಟ್ಟಗಿವೆ, ದೋಷ ಸೆಟಿಂಗ್ಸ್‌ನಲ್ಲಿದೆ. ಇಷ್ಟು ಖಚಿತವಾದ ಪರೀಕ್ಷೆಗೆ ಇಂಟರ್ನೆಟ್ಟೂ ಬೇಕಿಲ್ಲ.

ನಮ್ಮ ಗಡಿ ತಾಲ್ಲೂಕುಗಳಲ್ಲಿ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಕಲಿತು ಬಂದವರು ಬಹಳ ಮಂದಿ. ದೋಷ ಸಂದೇಶ ಬರುವುದು ಇಂಗ್ಲಿಷಿನಲ್ಲಿ; ಅದನ್ನು ಓದದೆ ಮುಚ್ಚಿಬಿಡುವುದು ಸಹಜ. ಲ್ಯಾಬ್ ನಡೆಸುವ ಉಪನ್ಯಾಸಕರು ಇಂಥ ನಾಲ್ಕಾರು ಸಂದೇಶಗಳ ಅರ್ಥವನ್ನು ಮೊದಲ ತರಗತಿಯಲ್ಲೇ ಕನ್ನಡದಲ್ಲಿ ಬಿಡಿಸಿ ಹೇಳಬೇಕು, ಪ್ರತಿ ಯಂತ್ರದಲ್ಲೂ ಎಕ್ಸ್‌ಟರ್ಮ್ ಇದೆಯೇ ಎಂದು ಸೆಮಿಸ್ಟರ್ ಶುರುವಾಗುವ ಮುಂಚೆಯೇ ನೋಡಿಡಬೇಕು.