ದೂರವಾಣಿ ಪರೀಕ್ಷಾ ಹ್ಯಾಂಡ್‌ಸೆಟ್

ದೂರವಾಣಿ ಪರೀಕ್ಷಾ ಹ್ಯಾಂಡ್‌ಸೆಟ್ ಎಂಬುದು ತಾಮ್ರದ ತಂತಿಯ ದೂರವಾಣಿ ಮಾರ್ಗದಲ್ಲಿ ದೋಷವಿರುವ ಭಾಗವನ್ನು ಪತ್ತೆ ಹಚ್ಚಲು ಲೈನ್‌ಮನ್‌ಗಳು ಬಳಸುವ ಕೈ ಉಪಕರಣ. ಇದನ್ನು ಟೆಸ್ಟ್ ಫೋನ್, ಬಟ್ ಸೆಟ್ ಎಂದೂ ಕರೆಯುತ್ತಾರೆ. ರಿಸೀವರ್‌ನ ಬೆನ್ನಿನಲ್ಲಿಯೇ ಡಯಲ್ ಅಥವಾ ಅಂಕಿಗುಂಡಿಗಳಿದ್ದು, ಅದರಿಂದ ಹೊರಟ ಎರಡು ತಂತಿಗಳ ತುದಿಯಲ್ಲಿ ಹಲ್ಲುಳ್ಳ ಕ್ಲಿಪ್‌ಗಳಿರುತ್ತವೆ. ಸರಳ ಮಾದರಿಗಳಿಗೆ ಬ್ಯಾಟರಿ ಬೇಕಿಲ್ಲ. ದೂರವಾಣಿ ವಿನಿಮಯ ಕೇಂದ್ರವು ಕಳುಹಿಸುವ ವಿದ್ಯುತ್ತೇ ಅವಕ್ಕೆ ಸಾಕಾಗುತ್ತದೆ.

ಹಿನ್ನೆಲೆ

ಬೆಂಗಳೂರಿನ ಪೂರ್ವದಲ್ಲಿ, ವೈಟ್‌ಫೀಲ್ಡ್‌ಗೆ ಹೋಗುವ ದಾರಿಯಲ್ಲಿರುವ ದೂರವಾಣಿನಗರಕ್ಕೆ ಆ ಹೆಸರು ಬಂದದ್ದು 1948ರಲ್ಲಿ ಸ್ಥಾಪನೆಯಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆಯಿಂದ. ದೇಶದ ಮನೆ, ಕಚೇರಿಗಳಿಗೆ ದಶಕಗಳ ಕಾಲ ದೂರವಾಣಿ ಉಪಕರಣಗಳನ್ನು ಒದಗಿಸಿದ ಸಂಸ್ಥೆಯಿದು. ಆದರೆ ಉಪಕರಣ ಎಷ್ಟು ಚೆನ್ನಾಗಿದ್ದರೂ, ಅದನ್ನು ವಿನಿಮಯ ಕೇಂದ್ರಕ್ಕೆ ಜೋಡಿಸುವ ತಂತಿ ಕೆಟ್ಟರೆ ಪ್ರಯೋಜನವಿಲ್ಲ. ಪೀಣ್ಯ, ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್‌ಗಳಂತೆ ರಸ್ತೆ ಅಗೆತ ನಿಲ್ಲದ ಪ್ರದೇಶಗಳಲ್ಲಿ ಕೇಬಲ್ ತುಂಡಾಗುವುದೂ, ಮಳೆಗಾಲದಲ್ಲಿ ಅದರ ಜೋಡಣೆಗಳಿಗೆ ನೀರು ಇಳಿಯುವುದೂ ಹೊಸತಲ್ಲ.

ಮಾರ್ಗ ಮತ್ತು ವಿದ್ಯುತ್ತು

ಪ್ರತಿ ಚಂದಾದಾರನಿಗೂ ಒಂದು ಜೊತೆ ತಂತಿ ಮೀಸಲು. ಅದು ಕೇಂದ್ರದ ಮುಖ್ಯ ವಿತರಣಾ ಚೌಕಟ್ಟಿನಿಂದ ಹೊರಟು, ರಸ್ತೆಬದಿಯ ಕ್ಯಾಬಿನೆಟ್ಟನ್ನು ಹಾಯ್ದು, ಕಂಬ ಅಥವಾ ಗೋಡೆಯ ಮೇಲಿನ ಡಿಪಿ ಪೆಟ್ಟಿಗೆಗೆ ಬರುತ್ತದೆ. ಅಲ್ಲಿಂದ ಡ್ರಾಪ್ ವೈರ್ ಮೂಲಕ ಕಟ್ಟಡವನ್ನು ಸೇರುತ್ತದೆ. ರಿಸೀವರ್ ಕೆಳಗಿಟ್ಟಿರುವಾಗ ತಂತಿಗಳ ನಡುವೆ ಸುಮಾರು 48 ವೋಲ್ಟ್‌ ನೇರ ವಿದ್ಯುತ್ತು ಇರುತ್ತದೆ. ರಿಸೀವರ್ ಎತ್ತಿದೊಡನೆ ಪ್ರವಾಹ ಹರಿದು ವೋಲ್ಟೇಜ್ ಇಳಿಯುತ್ತದೆ. ಕೇಂದ್ರವು ಇದನ್ನು ಗುರುತಿಸಿ ಡಯಲ್ ಟೋನ್ ಕೊಡುತ್ತದೆ. ಗಂಟೆ ಬಾರಿಸಲು ಬರುವ ಪರ್ಯಾಯ ವಿದ್ಯುತ್ತು ಇದಕ್ಕಿಂತ ಹೆಚ್ಚಿನದು. ಆಗ ಬರಿಗೈಯಲ್ಲಿ ಕ್ಲಿಪ್ ಮುಟ್ಟಿದರೆ ಆಘಾತವಾಗುತ್ತದೆ.

ಬಳಕೆಯ ಕ್ರಮ

ಹ್ಯಾಂಡ್‌ಸೆಟ್‌ನಲ್ಲಿ ಆಲಿಸುವ ಮತ್ತು ಮಾತಾಡುವ ಎಂಬ ಎರಡು ಸ್ಥಿತಿಗಳಿವೆ. ಆಲಿಸುವ ಸ್ಥಿತಿಯಲ್ಲಿ ಅದು ತಂತಿಯಿಂದ ನೇರ ವಿದ್ಯುತ್ತನ್ನು ಬಹುತೇಕ ಎಳೆಯುವುದಿಲ್ಲ. ಹೀಗಾಗಿ ಕೇಂದ್ರಕ್ಕೆ ಅದರ ಅರಿವೇ ಆಗದು. ಮೊದಲು ಬಳಸಬೇಕಾದದ್ದು ಇದನ್ನೇ. ಮಾರ್ಗದಲ್ಲಿ ಸಂಭಾಷಣೆ ನಡೆಯುತ್ತಿದ್ದರೆ, ಅಥವಾ ಫ್ಯಾಕ್ಸ್, ಅಲಾರ್ಮ್ ವ್ಯವಸ್ಥೆಯ ಸದ್ದು ಕೇಳಿದರೆ, ಒಡನೆ ಕ್ಲಿಪ್ ಬಿಚ್ಚಬೇಕು. ನೋಡದೆ ಮಾತಾಡುವ ಸ್ಥಿತಿಗೆ ತಿರುಗಿಸಿದರೆ ಯಾವುದೋ ಕಾರ್ಖಾನೆಯ ಮುಖ್ಯ ಕರೆ ಕೆಡಬಹುದು. ಅದೇ ತಂತಿಯಲ್ಲಿ ಡಿಎಸ್‌ಎಲ್ ಬ್ರಾಡ್‌ಬ್ಯಾಂಡ್ ಇದ್ದರೆ ಸಂಪರ್ಕವೇ ಕಡಿದುಹೋಗಬಹುದು. ದತ್ತಾಂಶಕ್ಕೆ ಅಡ್ಡಿ ಮಾಡದ ವಿಶೇಷ ಮಾದರಿಗಳು ಬಂದದ್ದು ಈ ಕಾರಣಕ್ಕೆ.

ಮಾರ್ಗ ಮೌನವಾಗಿದ್ದರೆ ಮಾತಾಡುವ ಸ್ಥಿತಿಗೆ ತರಬಹುದು. ಡಯಲ್ ಟೋನ್ ಬಂದರೆ ಕೇಂದ್ರದಿಂದ ಅಲ್ಲಿಯವರೆಗಿನ ತಂತಿ ಸರಿಯಿದೆ ಎಂದೇ ಅರ್ಥ. ಪರಿಚಿತ ಸಂಖ್ಯೆಗೆ ಕರೆ ಮಾಡಿ, ಇದು ಯಾರ ಜೋಡಿ ಎಂಬುದನ್ನೂ ದೃಢಪಡಿಸಿಕೊಳ್ಳುತ್ತಾರೆ.

ಉಳಿದ ಕೆಲಸ ಭಾಗಿಸುತ್ತ ಹೋಗುವುದು. ಕ್ಯಾಬಿನೆಟ್ಟಿನಲ್ಲಿ ಟೋನ್ ಇದ್ದು ಡಿಪಿಯಲ್ಲಿ ಇಲ್ಲವಾದರೆ, ದೋಷ ಆ ಎರಡರ ನಡುವೆ. ಡಿಪಿಯಲ್ಲಿ ಡ್ರಾಪ್ ವೈರನ್ನು ಬಿಡಿಸಿದಾಗ ಟೋನ್ ಬಂದು, ಜೋಡಿಸಿದಾಗ ಮಾಯವಾದರೆ, ತೊಂದರೆ ಕಟ್ಟಡದ ಕಡೆಗಿದೆ. ಕೇಬಲನ್ನು ಅಗೆಯುವ ಅಗತ್ಯವೇ ಇಲ್ಲ! ಒಂದು ತಪ್ಪು ತೀರ್ಮಾನಕ್ಕೆ ಬೀದಿಯುದ್ದ ಅಗೆತದ ಬೆಲೆ ತೆರಬೇಕಾಗುವುದರಿಂದ ಈ ಬಿಡಿಸಿ ನೋಡುವ ಹೆಜ್ಜೆಯನ್ನು ಬಿಡಬಾರದು.

ಕೇಳುವ ಸದ್ದಿಗೂ ಅರ್ಥವಿದೆ. ಪಟಪಟ ಸದ್ದು ಸಡಿಲ ಅಥವಾ ತೇವಗೊಂಡ ಜೋಡಣೆಯನ್ನು, ಗುಂಯ್‌ಗುಡುವ ಸದ್ದು ಒಂದು ತಂತಿ ಭೂಸ್ಪರ್ಶವಾಗಿರುವುದನ್ನು, ಪಕ್ಕದ ಮಾತು ಕೇಳಿಸುವುದು ಎರಡು ಜೋಡಿಗಳು ಒಂದಕ್ಕೊಂದು ತಾಗಿರುವುದನ್ನು ಸೂಚಿಸಬಹುದು. ಆದರೆ ಟೋನ್ ಇಲ್ಲದಿದ್ದಾಗ ತಂತಿ ತುಂಡಾಗಿದೆಯೋ, ಎರಡೂ ಕೂಡಿಕೊಂಡಿವೆಯೋ ಎಂಬುದನ್ನು ಈ ಉಪಕರಣ ಸ್ಪಷ್ಟವಾಗಿ ಹೇಳದು. ಅದಕ್ಕೆ ಮಲ್ಟಿಮೀಟರ್ ಬೇಕು.

ಗೌಪ್ಯತೆ

ಕ್ಲಿಪ್ ಹಾಕಿದವನಿಗೆ ಅನ್ಯರ ಮಾತು ಕೇಳಿಸುವುದು ಈ ಉಪಕರಣದ ಸೂಕ್ಷ್ಮ ಸಂಗತಿ. 1885ರ ಭಾರತೀಯ ಟೆಲಿಗ್ರಾಫ್ ಕಾಯಿದೆಯೇ ಸಂದೇಶವನ್ನು ಅನಧಿಕೃತವಾಗಿ ತಿಳಿಯುವ ಯತ್ನವನ್ನು ಅಪರಾಧವೆಂದು ಪರಿಗಣಿಸಿತ್ತು. ಮಾರ್ಗ ಖಾಲಿಯಿದೆಯೇ ಎಂದು ತಿಳಿಯಲು ಒಂದೆರಡು ಕ್ಷಣ ಸಾಕು; ಅದಕ್ಕಿಂತ ಹೆಚ್ಚು ಆಲಿಸುವುದು ಪರೀಕ್ಷೆಯಲ್ಲ.

ಆಪ್ಟಿಕಲ್ ಫೈಬರ್‌ನಲ್ಲಿ ಬೆಳಕು ಹರಿಯುವುದರಿಂದ ಅದಕ್ಕೆ ಈ ಹ್ಯಾಂಡ್‌ಸೆಟ್ಟನ್ನು ಜೋಡಿಸಲಾಗದು. ಫೈಬರ್ ಬಂದಿರುವ ಮನೆಗಳಲ್ಲಿ, ಒಳಗಿನ ಪೆಟ್ಟಿಗೆಯಿಂದ ದೂರವಾಣಿಗೆ ಹೋಗುವ ಕೊನೆಯ ತಾಮ್ರದ ತಂತಿಯನ್ನು ಪರೀಕ್ಷಿಸಲು ಮಾತ್ರ ಇದು ಉಪಯೋಗಕ್ಕೆ ಬರುತ್ತದೆ.