ಡ್ರಿಲ್ ಮಷಿನ್ ಖರೀದಿಸಿದ್ದೀರಾ? ಗೋಡೆ ಕೊರೆಯುವ ಮುನ್ನ ಈ ವಿಷಯಗಳು ಗೊತ್ತಿರಲಿ

ಹೈದರಾಬಾದ್: 1998ರಲ್ಲಿ ಸೈಬರ್ ಟವರ್ಸ್ ಉದ್ಘಾಟನೆಯಾದ ಬಳಿಕ ಮಾದಾಪುರದ ಚಹರೆಯೇ ಬದಲಾಯಿತು. ಐಟಿ ಕೆಲಸಕ್ಕೆಂದು ಇಲ್ಲಿಗೆ ಬಂದು ನೆಲೆಸಿದವರಲ್ಲಿ ಕನ್ನಡಿಗರೂ ಇದ್ದಾರೆ. ಬಾಡಿಗೆ ಫ್ಲ್ಯಾಟ್‌ಗೆ ಬಂದ ಕೂಡಲೇ ಟಿವಿ, ಕರ್ಟನ್ ರಾಡ್, ವಾಟರ್ ಪ್ಯೂರಿಫೈಯರ್ ಎಲ್ಲವನ್ನೂ ಗೋಡೆಗೆ ಹಾಕಬೇಕು. ಅದಕ್ಕೆಂದೇ ಡ್ರಿಲ್ ಮಷಿನ್ ತರಿಸಿಕೊಳ್ಳುವವರೂ ಇದ್ದಾರೆ. ಆದರೆ ಗೋಡೆಯೊಳಗೆ ಏನಿದೆ ಎಂದು ಯೋಚಿಸದೆ ಕೊರೆದರೆ ಬಿಟ್ ಹಾಳಾಗುವುದಷ್ಟೇ ಅಲ್ಲ, 230 ವೋಲ್ಟ್ ವಿದ್ಯುತ್ ತಂತಿಗೆ ತಗುಲಿ ಪ್ರಾಣಕ್ಕೇ ಕುತ್ತು ಬರಬಹುದು.

ಬೈರಿಗೆಯಿಂದ ಬ್ಯಾಟರಿವರೆಗೆ

ಬಡಗಿಗಳ ಬೈರಿಗೆಯೂ ಡ್ರಿಲ್ಲೇ. 1889ರಲ್ಲಿ ಮೆಲ್ಬರ್ನ್‌ನ ಆರ್ಥರ್ ಜೇಮ್ಸ್ ಆರ್ನಾಟ್ ಮತ್ತು ವಿಲಿಯಂ ಬ್ಲಾಂಚ್ ಬ್ರೇನ್ ವಿದ್ಯುತ್ ಡ್ರಿಲ್‌ಗೆ ಪೇಟೆಂಟ್ ಪಡೆದರು. 1895ರಲ್ಲಿ ಜರ್ಮನಿಯ ಫೈನ್ ಕಂಪನಿ ಕೈಯಲ್ಲಿ ಹಿಡಿದು ಬಳಸುವ ಡ್ರಿಲ್ ತಯಾರಿಸಿತು. ಇಂದಿನ ಪಿಸ್ತೂಲಿನಂಥ ಹಿಡಿಕೆ ಮತ್ತು ಟ್ರಿಗರ್ ಸ್ವಿಚ್‌ಗೆ 1917ರಲ್ಲಿ ಪೇಟೆಂಟ್ ಪಡೆದದ್ದು ಅಮೆರಿಕದ ಬ್ಲ್ಯಾಕ್ ಆಂಡ್ ಡೆಕರ್.

ಯಾವ ಕೆಲಸಕ್ಕೆ ಯಾವ ಡ್ರಿಲ್?

* ಕೈ ಡ್ರಿಲ್: ಹಿಡಿಕೆ ತಿರುಗಿಸಿದರೆ ದೊಡ್ಡ ಹಲ್ಲಿನ ಚಕ್ರ ಚಿಕ್ಕದನ್ನು ವೇಗವಾಗಿ ತಿರುಗಿಸುತ್ತದೆ. ಮರ, ಪ್ಲಾಸ್ಟಿಕ್, ತೆಳು ತಗಡಿಗೆ ಸಾಕು. ಕಾಂಕ್ರೀಟ್‌ಗೆ ಆಗದು.
* ಬ್ಯಾಟರಿ ಡ್ರಿಲ್: ಸ್ಕ್ರೂ ಬಿಗಿಯಲು, ಪೀಠೋಪಕರಣ ಜೋಡಿಸಲು ಅನುಕೂಲ.
* ಇಂಪ್ಯಾಕ್ಟ್ ಡ್ರಿಲ್: ತಿರುಗುತ್ತಲೇ ಸಣ್ಣ ಸಣ್ಣ ಏಟು ಕೊಡುತ್ತದೆ. ಇಟ್ಟಿಗೆ ಗೋಡೆಗೆ ಸೂಕ್ತ.
* ರೋಟರಿ ಹ್ಯಾಮರ್: ಒಳಗಿನ ಪಿಸ್ಟನ್ ಗಾಳಿಯ ಒತ್ತಡದಿಂದ ಬಲವಾದ ಏಟು ಕೊಡುತ್ತದೆ. ಗಟ್ಟಿ ಕಾಂಕ್ರೀಟ್‌ಗೆ ಇದೇ ಬೇಕು.

ಹೊಸ ಅಪಾರ್ಟ್‌ಮೆಂಟ್‌ಗಳಲ್ಲಿ ಅಲ್ಯೂಮಿನಿಯಂ ಅಚ್ಚಿಗೆ ಕಾಂಕ್ರೀಟ್ ಸುರಿದು ಗೋಡೆ ನಿರ್ಮಿಸುವ 'ಮೈವಾನ್' ವಿಧಾನ ಹೆಚ್ಚಾಗಿದೆ. ಇಂಥ ಗೋಡೆಯಲ್ಲಿ ಸಾಧಾರಣ ಡ್ರಿಲ್ ಸ್ವಲ್ಪ ಒಳಹೋಗಿ ನಿಂತುಬಿಡುತ್ತದೆ. ಬಲವಾಗಿ ಒತ್ತಿದರೆ ಮೋಟರ್ ಸುಡಬಹುದು. ಮೊದಲು ಸಣ್ಣ ರಂಧ್ರ ಕೊರೆದು ಪುಡಿ ನೋಡಿ. ಪ್ಲಾಸ್ಟರ್ ದಾಟಿದ ಮೇಲೆ ಕೆಂಪು ಪುಡಿ ಬಂದರೆ ಇಟ್ಟಿಗೆ. ಬೂದು ಪುಡಿ ಬಂದು ಡ್ರಿಲ್ ನಿಧಾನವಾದರೆ ಕಾಂಕ್ರೀಟ್. ಸುಲಭವಾಗಿ ಒಳಹೋದರೆ ಹಗುರ ಬ್ಲಾಕ್. ಹಗುರ ಬ್ಲಾಕ್ ಮತ್ತು ಟೈಲ್ಸ್ ಮೇಲೆ ಹ್ಯಾಮರ್ ಮೋಡ್ ಬೇಡ.

ಬಿಟ್ ಕೂಡ ಮುಖ್ಯ. ಗೋಡೆಗೆ ತುದಿಯಲ್ಲಿ ಕಾರ್ಬೈಡ್ ಇರುವ ಮೇಸನ್ರಿ ಬಿಟ್, ಲೋಹಕ್ಕೆ ಎಚ್‌ಎಸ್‌ಎಸ್ ಬಿಟ್, ಮರಕ್ಕೆ ನಡುವೆ ಚೂಪು ಮೊನೆಯಿರುವ ಬಿಟ್ ಬಳಸಬೇಕು.

ಸುರಕ್ಷತೆ ಹೇಗೆ?

ಸ್ವಿಚ್‌ಬೋರ್ಡ್‌ನ ನೇರ ಮೇಲೆ, ಕೆಳಗೆ ಹಾಗೂ ಅಕ್ಕಪಕ್ಕ ಕೊರೆಯಬೇಡಿ. ವೈರ್ ಪೈಪ್‌ಗಳು ಸಾಮಾನ್ಯವಾಗಿ ಅಲ್ಲೇ ಹಾದುಹೋಗಿರುತ್ತವೆ. ಬಾತ್‌ರೂಮ್‌ನಲ್ಲಿ ನಲ್ಲಿ, ಗೀಸರ್‌ನ ಸಾಲಿನಲ್ಲಿ ನೀರಿನ ಪೈಪ್ ಇರುತ್ತದೆ. ಅನುಮಾನವಿದ್ದರೆ ಆ ಕೋಣೆಯ ಎಂಸಿಬಿ ಆಫ್ ಮಾಡಿ, ಡ್ರಿಲ್‌ಗೆ ಬೇರೆ ಕೋಣೆಯಿಂದ ಕರೆಂಟ್ ತೆಗೆದುಕೊಳ್ಳಿ. ಪಿಲ್ಲರ್, ಬೀಮ್‌ಗಳೊಳಗೆ ಕಬ್ಬಿಣದ ಸರಳು ಇರುವುದರಿಂದ ಅವುಗಳನ್ನು ಮುಟ್ಟದಿರುವುದೇ ಲೇಸು.

ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಇರಲಿ. ಕಾಂಕ್ರೀಟ್ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶಕ್ಕೆ ಹಾನಿಕರ. ದುಪಟ್ಟಾ, ಸಡಿಲ ತೋಳು, ಬಿಚ್ಚಿದ ಕೂದಲು ತಿರುಗುವ ಬಿಟ್‌ಗೆ ಸಿಕ್ಕಿಕೊಳ್ಳುವ ಅಪಾಯವಿದೆ.

ನಿರ್ವಹಣೆಗೆ ಸರಳ ಸೂತ್ರಗಳು

* ಬಿಟ್ ಬದಲಿಸುವ ಮುನ್ನ ಪ್ಲಗ್ ಕಿತ್ತಿಡಿ, ಬ್ಯಾಟರಿಯಿದ್ದರೆ ತೆಗೆಯಿರಿ. ಚಕ್ ಕೀಯನ್ನು ಚಕ್‌ನಲ್ಲೇ ಮರೆಯಬೇಡಿ.
* ಕೆಲಸ ಮುಗಿದ ಮೇಲೆ ಗಾಳಿ ಕಿಂಡಿಗಳ ಧೂಳನ್ನು ಒಣ ಬ್ರಷ್‌ನಿಂದ ತೆಗೆಯಿರಿ. ನೀರು ತಾಗಿಸಬೇಡಿ.
* ಒಳಗೆ ಕಿಡಿ ಹೆಚ್ಚಾದರೆ, ಮಷಿನ್ ತಡೆತಡೆದು ಓಡಿದರೆ ಕಾರ್ಬನ್ ಬ್ರಷ್ ಸವೆದಿರಬಹುದು. ಎರಡನ್ನೂ ಒಟ್ಟಿಗೇ ಬದಲಿಸಿ.
* ವೈರ್ ಸೀಳಿದ್ದರೆ ಟೇಪ್ ಸುತ್ತಿ ಬಳಸಬೇಡಿ, ಹೊಸದು ಹಾಕಿಸಿ.
* ಲಿಥಿಯಂ ಬ್ಯಾಟರಿಯನ್ನು ಬಹುಕಾಲ ಬಳಸದಿದ್ದರೆ ಅರ್ಧದಷ್ಟು ಚಾರ್ಜ್‌ನಲ್ಲಿ ತಂಪಾದ ಜಾಗದಲ್ಲಿಡಿ.
* ಕೈ ಡ್ರಿಲ್‌ನ ಹಲ್ಲಿನ ಚಕ್ರಕ್ಕೆ ಆಗಾಗ ಒಂದೆರಡು ಹನಿ ಎಣ್ಣೆ ಸಾಕು.

ಬಾಡಿಗೆ ಮನೆಯಲ್ಲಿದ್ದರೆ ಕೊರೆಯುವ ಮುನ್ನ ಮಾಲೀಕರ ಅನುಮತಿ ಪಡೆಯಿರಿ, ಗೋಡೆ ಯಾವ ಬಗೆಯದೆಂದೂ ಕೇಳಿ ತಿಳಿದುಕೊಳ್ಳಿ. ಖಾಲಿ ಮಾಡುವಾಗ ಅಡ್ವಾನ್ಸ್ ಹಣಕ್ಕೆ ಕತ್ತರಿ ಬೀಳುವುದೂ ತಪ್ಪುತ್ತದೆ.